ಬೀರಪ್ಪನ ದೀಪದ ವೈರು

ಗಾಡಿ ಚಾಲೂ ಆಗದಿದ್ದರೆ ಮುಂದೇನು ಎಂಬ ಚಿಂತೆ ಕೌಜಲಗಿಯ ಆ ಮನೆಯಲ್ಲಿ ಎಲ್ಲರಿಗೂ ಇತ್ತು. ಅರ್ಚನಾಳ ಚಿಂತೆಯೇ ಬೇರೆ. ಚಾಲೂ ಆಗಿಬಿಟ್ಟರೆ? ಹೆಂಗಾತು ಅಂತ ಯಾರಾದರೂ ತನ್ನನ್ನೇ ಕೇಳಿಬಿಟ್ಟರೆ? ಇದನ್ನು ಡೈರಿಯಲ್ಲಿ ಬರೆದಳು, ಬರೆದದ್ದನ್ನು ಓದಿದಳು, ತನಗೆ ತಾನೇ ನಾಚಿಕೊಂಡು ಪುಟ ಮಗುಚಿಹಾಕಿದಳು.

ಗೋಕಾಕದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ ಹುಡುಗಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಸರ್ಕ್ಯೂಟ್ ಜೋಡಿಸಿ, ಬಾಯಿಮಾತಿನ ಪ್ರಶ್ನೆ ಬಂದಾಗ ಮೇಜಿನ ಮೇಲಿನ ಗೀರು ನೋಡುತ್ತ ಕೂತವಳು. ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಗಂಟಲಿನ ತನಕ ಬರುತ್ತಿತ್ತು, ಅಲ್ಲಿಂದ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ಮನೆಯಲ್ಲಿ ಅದಕ್ಕೊಂದು ದಾರಿ ತಾನಾಗಿಯೇ ಆಗಿಹೋಗಿತ್ತು. ಅರ್ಚನಾಳ ಬಾಯಿ ಎಂದರೆ ಅವಳ ಅವ್ವ ಲಗಮವ್ವ. ಮಗಳು ಕಿವಿಯಲ್ಲಿ ಪಿಸುಗುಟ್ಟಬೇಕು, ಅವ್ವ ಓಣಿಗೆಲ್ಲ ಕೇಳುವಂತೆ ಒದರಬೇಕು. ಬಸ್ಸಿನ ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳುವುದರಿಂದ ಹಿಡಿದು ನೋಡಲು ಬಂದ ವರ ಬೇಡ ಎನ್ನುವ ತನಕ ಎಲ್ಲ ಹಾಗೆಯೇ ನಡೆದಿತ್ತು.

ಗಾಡಿ ಅವಳ ಅಪ್ಪ ಶಿದ್ರಾಮನದು. ಹಳೇ ಡೀಸೆಲ್ ಟ್ರಕ್ಕು, ಮೂಗು ಮುಂದೆ ಚಾಚಿದ್ದು. ಹಾಲುಮತದವರ ಕುರಿ ಹಿಂಡುಗಳನ್ನು ಹುಲ್ಲಿದ್ದ ಕಡೆಗೆ ಒಯ್ದು ಬಿಡುವುದು, ಬರುವಾಗ ಸಿಕ್ಕ ಮಾಲು ಹೇರಿಕೊಂಡು ಬರುವುದು ಅದರ ಕೆಲಸ. ಕ್ಯಾಬಿನ್ನಿನೊಳಗೆ ಗಾಜಿನ ಮೇಲ್ಗಡೆ ಬೀರಪ್ಪನ ಫೋಟೋ, ಅದರ ಮುಂದೆ ಸಣ್ಣ ಕೆಂಪು ದೀಪ. ಆ ದೀಪಕ್ಕೆ ಬಟನ್ ಇತ್ತು. ಆದರೆ ಶಿದ್ರಾಮ ಅದನ್ನು ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಗಾಡಿ ನಿಂತಿರಲಿ, ಓಡುತ್ತಿರಲಿ, ದೀಪ ಉರಿಯಲೇಬೇಕು. ‘ದೇವರನ್ನ ಕತ್ತಲಾಗ ಕುಂದರಸ್ತಾರೇನ್?’ ಎಂದು ಕೇಳುವನು. ಬ್ಯಾಟರಿ ಇಳಿದುಹೋದರೆ ಬ್ಯಾಟರಿಯನ್ನೇ ಬಯ್ಯುವನು.

ಆ ಗಾಡಿ ಈಗ ಏರು ಬಂದರೆ ನಿಲ್ಲುತ್ತಿತ್ತು. ಎಂಜಿನ್ ಉಸಿರು ಹಿಡಿದಂತೆ ಕೆಮ್ಮಿ, ತಣ್ಣಗಾಗುವುದು. ಆಗ ಬಾನೆಟ್ ಎತ್ತಿ, ಎಂಜಿನ್ನಿನ ಬಾಜೂಕ್ಕಿರುವ ಕೈಪಂಪಿನ ಗುಬ್ಬಿ ತಿರುಗಿಸಿ, ಒತ್ತಿ ಒತ್ತಿ ಡೀಸೆಲ್ ಎಳೆದು, ಪೈಪಿನೊಳಗಿನ ಗಾಳಿ ಹೊರಗೆ ಹಾಕಬೇಕು. ಆ ಕೆಲಸ ಅರ್ಚನಾಳದು. ಪೈಪುಗಳ ಸಂದಿಯಲ್ಲಿ ಶಿದ್ರಾಮನ ಕೈ ಹೋಗುತ್ತಿರಲಿಲ್ಲ, ಅವಳದು ಹೋಗುತ್ತಿತ್ತು. ಸಾಲಿಗೆ ಹೋಗುವ ವಯಸ್ಸಿನಿಂದ ಒತ್ತಿದ್ದರಿಂದ ಆ ಗುಬ್ಬಿಯ ಗುಣ ಅವಳ ಅಂಗೈಗೆ ಗೊತ್ತು. ಮೊದಲು ಅದು ತಿರುಗಿ ಒತ್ತುತ್ತಿತ್ತು. ಈಗ ನೆನೆದ ಅರಿವೆ ಹಿಂಡಿದ ಹಾಗೆ ಮೆತ್ತಗೆ.

ಮೂಡಲಗಿಯ ಮೇಸ್ತ್ರಿ ದಾದಾಸಾಹೇಬ ಬಂದು ನೋಡಿದ. ಶಿದ್ರಾಮನ ಹಳೇ ದೋಸ್ತ. ಎಂಜಿನ್ನಿಗೆ ಕಿವಿ ಇಟ್ಟು, ಮೀಸೆ ಸವರಿ, ‘ಶಿದ್ರಾಮಾ, ದೊಡ್ಡ ಪಂಪ್ ಹೋಗೇತೊ. ಅದನ್ನ ಬಿಚ್ಚಸೂದಂದ್ರ ಈ ವಯಸ್ಸಿನ್ಯಾಗ ನಿನಗ ಇನ್ನೊಂದ್ ಲಗ್ನಾ ಮಾಡಿದಂಗ. ಖರ್ಚು ಭಾಳ, ಉಪಯೋಗ ಕಡಿಮಿ,’ ಎಂದ.

‘ಹೆಣ್ಣ ಯಾರ್ ಕೊಡತಾರ ಅದನ್ನರ ಕೇಳ್ರಿ,’ ಎಂದಳು ಲಗಮವ್ವ ಒಳಗಿನಿಂದ.

ನಗೆಯೇನೋ ಆಯಿತು. ಆದರೆ ಅದೇ ದಿನ ಗೋಕಾಕದ ಗುಜರಿ ಅಪ್ಪಣ್ಣನಿಗೆ ಹೇಳಿ ಕಳಿಸಿದ್ದೂ ಆಯಿತು. ಮುಂದಿನ ಸಂತೆಯ ದಿನ ಬಂದು ಗಾಡಿ ಒಯ್ಯುತ್ತೇನೆಂದು ಅವನು ಮಾತು ಕೊಟ್ಟ. ಆ ಸಂತೆಗಿಂತ ಮೊದಲು ಒಂದೇ ಒಂದು ಬಾಡಿಗೆ ಉಳಿದಿತ್ತು. ಮಾಲಿಂಗನ ಹಿಂಡನ್ನು ಹಿಡಕಲ್ಲಿಗೆ ಮುಟ್ಟಿಸುವುದು. ಅಲ್ಲಿ ಅಣೆಕಟ್ಟಿನ ನೀರು ಹಿಂದೆ ಸರಿದು, ಬಯಲಾದ ನೆಲದಲ್ಲಿ ಹುಲ್ಲು ಎದ್ದಿತ್ತು. ಹೋದ ಸಲ ಗೋಕಾಕ ಫಾಲ್ಸಿನ ಏರಿನಲ್ಲಿ ಗಾಡಿ ನಿಂತು, ಕುರಿಗಳು ಬಿಸಿಲಲ್ಲಿ ಬಾಯಿ ತೆರೆದದ್ದನ್ನು ಮಾಲಿಂಗ ಮರೆತಿರಲಿಲ್ಲ.

‘ನೋಡ ಮಾವಾ,’ ಎಂದ ಶಿದ್ರಾಮನಿಗೆ, ‘ನಮ್ಮ ಅಪ್ಪನ ಕಾಲದಿಂದ ನಿನ್ನ ಗಾಡಿನ. ಈ ಸಲ ಹಿಡಕಲ್ ಮುಟ್ಟಿಸಿದಿ ಅಂದ್ರ ಹಂಗಾಮೆಲ್ಲಾ ನಿನ್ನ ಗಾಡಿನ. ಏರಿನ್ಯಾಗ ನಿಂತಿಪ್ಪಾ ಅಂದ್ರ ಯಮಕನಮರಡಿ ಟ್ರಕ್ಕಿನ ಸ್ವಪ್ನಿಲಗ ಫೋನ್ ಹಚ್ಚತೇನಿ. ಸಿಟ್ಟಾಗಬ್ಯಾಡ.’

ಸಿಟ್ಟಾಗಲು ಶಿದ್ರಾಮನಲ್ಲಿ ಏನೂ ಉಳಿದಿರಲಿಲ್ಲ. ಹೂಂ ಎಂದ.

ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ದೊಡ್ಡ ಪಂಪ್ ಕೆಟ್ಟಿಲ್ಲ ಎಂಬುದು ಅರ್ಚನಾಳಿಗೆ ಬಹಳ ದಿನದಿಂದ ಗೊತ್ತಿತ್ತು. ಮನೆಯ ಮುಂದಿನ ಇಳಿಜಾರಿನಲ್ಲಿ ಮೂಗು ಕೆಳಗೆ ಮಾಡಿ ನಿಲ್ಲಿಸಿದ ಬೆಳಗ್ಗೆ ಗಾಡಿ ಕೈಪಂಪ್ ಕೇಳದೆ ಏಳುತ್ತಿತ್ತು. ಹಿಂದಿನ ಟಾಕಿಯ ಡೀಸೆಲ್ ತಾನಾಗಿ ಮುಂದಕ್ಕೆ ಹರಿದು ಬರುತ್ತದಲ್ಲ! ಸಪಾಟು ನೆಲದಲ್ಲಿ ನಿಲ್ಲಿಸಿದರೆ ಹಟ. ಟಾಕಿ ತುಂಬಿದ್ದರೆ ಏರು ಹತ್ತುತ್ತಿತ್ತು, ಅರ್ಧವಾದರೆ ಇಲ್ಲ. ದೊಡ್ಡ ಪಂಪಿಗೆ ರೋಗವಿದ್ದರೆ ಟಾಕಿ ಎಷ್ಟು ತುಂಬಿದೆ ಎಂದು ಅದು ನೋಡುತ್ತದೆಯೇ? ಡೀಸೆಲ್ಲನ್ನು ಅಲ್ಲೀತನಕ ಎಳೆದು ಕೊಡುವ ಸಣ್ಣ ಫೀಡ್ ಪಂಪ್ ಸೋತಿದೆ, ಹಳೇ ಪೈಪಿನ ಕೀಲುಗಳಲ್ಲಿ ಗಾಳಿ ನುಗ್ಗುತ್ತಿದೆ. ಅಷ್ಟೇ.

ರೊಟ್ಟಿ ಬಡಿಯುತ್ತಿದ್ದ ಅವ್ವನ ಕಿವಿಯಲ್ಲಿ ಹೇಳಿದಳು. ಲಗಮವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

‘ಏನ್ರಿ, ಕೇಳಸ್ತೇನ್ರಿ? ದೊಡ್ಡ ಪಂಪ್ ಚೊಲೋ ಐತಂತ. ಸಣ್ಣದು ಸೋತೇತಂತ. ಹುಡುಗಿ ಹೇಳತಾಳ.’

ಮತ್ತೆ ಬಂದು ಶಿದ್ರಾಮನ ಜೊತೆ ಹೊರಗೆ ಕೂತಿದ್ದ ದಾದಾಸಾಹೇಬ ಚಹಾದ ಬಸಿಯ ಮೇಲಿಂದ ಕಣ್ಣೆತ್ತಿದ. ‘ನಮ್ಮ ಕೂಸು ಹೇಳ್ಯಾಳೇನು? ಬರಲಿ, ಹೊರಗ ಬಂದು ಹೇಳಲಿ. ನನಗೂ ಒಂದಿಷ್ಟು ಕಲಿಸಲಿ.’

ಹಂಗಿಸಿ ಅಂದದ್ದಲ್ಲ, ಖುಷಿಯಿಂದಲೇ ಅಂದದ್ದು. ಆದರೂ ಅರ್ಚನಾ ಜೋಳದ ಚೀಲದ ಹಿಂದೆ ಸರಿದು ನಿಂತಳು. ಮಾತು ಅವಳದಲ್ಲ, ಕೈ ಅವಳದು. ಮರುದಿನ ಬೆಳಗ್ಗೆ ಎಲ್ಲರೂ ಏಳುವ ಹೊತ್ತಿಗೆ ಕ್ಯಾಬಿನ್ನಿನ ನೆತ್ತಿಯ ಮೇಲೆ ಡೀಸೆಲ್ ಕ್ಯಾನು ಕಟ್ಟಿತ್ತು. ಅದರಿಂದ ಒಂದು ನಳಿಗೆ ಇಳಿದು ಬಂದು, ಸೋತ ಪಂಪನ್ನು ಬಿಟ್ಟು, ನೇರ ಫಿಲ್ಟರಿಗೆ ಸೇರಿತ್ತು.

‘ಇದೇನಿದು, ಗಾಡಿಗೆ ಸಲಾಯಿನ್ ಹಚ್ಯಾರೇನು?’ ಎಂದ ಶಿದ್ರಾಮ.

‘ಸುಮ್ನ ಚಾಲೂ ಮಾಡ್ರಿ,’ ಎಂದಳು ಲಗಮವ್ವ.

ಗಾಡಿ ಒಂದೇ ಏಟಿಗೆ ಎದ್ದಿತು. ಕಾಲುವೆಯ ಏರಿಯನ್ನು ಹತ್ತಿತು, ಇಳಿಯಿತು, ಮತ್ತೆ ಹತ್ತಿತು. ರಾತ್ರಿ ಅಲ್ಲೇ ಉಳಿದು ಈಗ ಗಾಡಿಯ ಹಿಂದೆ ಕೂತಿದ್ದ ದಾದಾಸಾಹೇಬ ಇಳಿದು ಬಂದು ಬಹಳ ಹೊತ್ತು ಕಿವಿ ಕೆರೆದುಕೊಂಡ. ‘ದೊಡ್ಡ ಪಂಪ್ ಚೊಲೋ ಐತಿ ಹಂಗಾದ್ರ,’ ಎಂದ. ಚಹಾ ಮುಗಿಯುವ ಹೊತ್ತಿಗೆ ‘ನನಗ ಮೊದಲಿಂದನೂ ಸಂಶೆ ಇತ್ತು,’ ಎಂದ. ಅರ್ಚನಾ ಕದದ ಮರೆಯಲ್ಲಿ ನಕ್ಕಳು. ಕ್ಯಾನು ಕಟ್ಟಿಕೊಂಡು ಹಿಡಕಲ್ಲಿಗೆ ಹೋಗಲಾಗದು. ಆದರೆ ಅವಳ ಲೆಕ್ಕಕ್ಕೆ ಬೇಕಾದದ್ದು ಸಿಕ್ಕಿತ್ತು.

ಮುಂದಿನದನ್ನು ಅವಳು ಆಗಲೇ ಯೋಚಿಸಿ ಇಟ್ಟಿದ್ದಳು. ಎಂಜಿನ್ನಿನ ಹತ್ತಿರ ಕೂತು ಎಳೆಯುವ ಪಂಪಿನ ಬದಲು, ಟಾಕಿಯ ಹತ್ತಿರ ಕೂತು ತಳ್ಳುವ ಕರೆಂಟಿನ ಪಂಪ್. ಎಳೆಯುವ ಪೈಪಿನಲ್ಲಿ ಸಂದು ಇದ್ದರೆ ಗಾಳಿ ಒಳಗೆ ಹೋಗುತ್ತದೆ, ಯಾರ ಕಣ್ಣಿಗೂ ಕಾಣುವುದಿಲ್ಲ. ತಳ್ಳುವ ಪೈಪಿನಲ್ಲಿ ಅದೇ ಸಂದು ಡೀಸೆಲ್ ಹನಿಸಿ ತನ್ನ ಗುರುತು ತಾನೇ ಹೇಳುತ್ತದೆ. ಹೊಸದು ತರುವ ಮಾತಿರಲಿಲ್ಲ. ಮಣ್ಣು ಅಗೆಯುವ ದೊಡ್ಡ ಮಷಿನ್ನುಗಳಲ್ಲಿ ಇಂಥದೇ ಪಂಪ್ ಇರುತ್ತದೆ, ಅವು ಮುರಿದು ಗುಜರಿಗೆ ಬರುತ್ತವೆ ಎಂದು ಅವಳು ಓದಿದ್ದಳು. ಗುಜರಿ ಎಂದರೆ ಅಪ್ಪಣ್ಣ. ಗಾಡಿಯನ್ನು ಒಯ್ಯಲು ಬರುವವನ ಅಂಗಡಿಗೇ ಅವ್ವ ಮಗಳು ಬಸ್ ಹತ್ತಿದರು. ಮನೆಯ ಹಿಂದೆ ಕೋಳಿ ಕೂರುತ್ತಿದ್ದ ಸವೆದ ಟಾಯರುಗಳನ್ನು ಲಗಮವ್ವ ಬಸ್ಸಿನ ಮೇಲೆ ಹಾಕಿಸಿದಳು.

‘ಬರ್ರಿ ಅಕ್ಕಾರ. ಗಾಡಿ ಸಂತಿ ದಿನಾ ಅಲ್ಲಾ ಅಂದಿದ್ವಿ?’ ಎಂದ ಅಪ್ಪಣ್ಣ.

‘ಗಾಡಿ ಕೊಡಾಕ ಅಲ್ಲೊ, ಒಯ್ಯಾಕ ಬಂದೇವಿ. ಡೀಸೆಲ್ ತಳ್ಳೂ ಪಂಪ್ ಐತೇನು, ಕರೆಂಟಿಂದು?’

ಅವನು ಒಂದು ಬುಟ್ಟಿ ತಂದು ಸುರುವಿದ. ಅರ್ಚನಾ ಕುಕ್ಕುರುಗಾಲಿನಲ್ಲಿ ಕೂತು ಒಂದೊಂದನ್ನೇ ತಿರುವಿ ನೋಡಿದಳು. ಒಂದನ್ನು ಎತ್ತಿ ಅವ್ವನ ಕಿವಿಗೆ ಬಾಗಿದಳು.

‘ಹನ್ನೆರಡರದ್ದೋ ಇಪ್ಪತ್ನಾಕರದ್ದೋ ಕೇಳತಾಳ. ಏನು ಹನ್ನೆರಡು, ಏನು ಇಪ್ಪತ್ನಾಕು ಅಂತ ನನಗ ಕೇಳಬ್ಯಾಡ, ನಾ ನಡುವಿನಾಕಿ.’

‘ಇಪ್ಪತ್ನಾಕು ವೋಲ್ಟ್ ಅಕ್ಕಾರ. ಮಣ್ಣಿನ ಮಷಿನ್ನಿಂದು.’

ಅವಳ ಅಪ್ಪನ ಗಾಡಿಯದೂ ಅದೇ. ಆದರೂ ಕೂಡಲೇ ಕೊಳ್ಳಲಿಲ್ಲ. ಒತ್ತಡ ಹೆಚ್ಚಿದ್ದರೆ ದೊಡ್ಡ ಪಂಪಿನ ಸೀಲು ಒಡೆದು ಡೀಸೆಲ್ ಎಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಆಗ ದಾದಾಸಾಹೇಬನ ಸುಳ್ಳು ರೋಗ ಖರೆ ಆಗಿಬಿಡುತ್ತದೆ. ಅಂಗಡಿಯ ಮೂಲೆಯ ಬ್ಯಾಟರಿಗಳನ್ನು ಜೋಡಿಸಿದಳು. ಪಂಪಿಗೆ ಉದ್ದ ಪಾರದರ್ಶಕ ನಳಿಗೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು ಅಂಗಡಿಯ ಮಾಳಿಗೆ ಹತ್ತಿದಳು.

‘ತಂಗಿ, ಮ್ಯಾಲಿನ ನೀರಿನ ಟಾಕಿ ತುಂಬಸ್ತೀಯೇನ ಡೀಸೆಲ್‌ನಿಂದ?’ ಎಂದ ಅಪ್ಪಣ್ಣ, ಕೆಳಗಿನಿಂದ.

ಡೀಸೆಲ್ ನಳಿಗೆಯಲ್ಲಿ ಏರಿತು. ಕಿಟಕಿಯ ಎತ್ತರ, ಬಾಗಿಲ ಎತ್ತರ, ಮಾಳಿಗೆಯ ಅಂಚು. ಅಲ್ಲಿ ನಡುಗಿ ನಿಂತಿತು. ಅವಳು ನಳಿಗೆಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದರೂ ಮುಂದೆ ಬರಲಿಲ್ಲ. ಎತ್ತರ ಇಷ್ಟಾದರೆ ಒತ್ತಡ ಎಷ್ಟು ಎಂಬುದು ಅವಳಿಗೆ ಬಾಯಿಪಾಠ. ಬೇಕಾದಷ್ಟಿತ್ತು, ಹೆಚ್ಚಿರಲಿಲ್ಲ. ಮೇಲಿನಿಂದಲೇ ಅವ್ವನಿಗೆ ತಲೆ ಆಡಿಸಿದಳು.

‘ಆತಂತ,’ ಎಂದಳು ಲಗಮವ್ವ. ಮುಂದಿನದು ಟಾಯರಿನ ಚೌಕಾಸಿ. ಅದರಲ್ಲಿ ಅಪ್ಪಣ್ಣ ಗೆಲ್ಲುವ ಪೈಕಿ ಅಲ್ಲ. ‘ಅಲ್ಲಾ ಅಕ್ಕಾರ, ನನ್ನ ಪಂಪ್ ಒಯ್ದು ನನಗ ಬರೂ ಗಾಡಿನ ಉಳಿಸಿಕೊಳ್ಳಾಕತ್ತೀರಲ್ರಿ! ಇದೆಂಥಾ ನ್ಯಾಯ?’ ಎಂದು ನಗುತ್ತ, ಒಂದು ಸಣ್ಣ ಫಿಲ್ಟರನ್ನೂ ಮೇಲೆ ಹಾಕಿ ಕೊಟ್ಟ.

ಕೂಡಿಸುವ ದಿನ ದಾದಾಸಾಹೇಬ ಮೂಡಲಗಿಯಿಂದ ಬೋಲ್ಟು ಬಿಚ್ಚುವ ಪಾನಾಗಳ ಚೀಲ ಹೊತ್ತು ಬಂದ. ಹಳೇ ಫೀಡ್ ಪಂಪ್ ಬಿಚ್ಚಿ, ಆ ತೂತಿಗೆ ದಪ್ಪ ತಗಡಿನ ಮುಚ್ಚಳ ಕತ್ತರಿಸಿ, ಪ್ಯಾಕಿಂಗ್ ಇಟ್ಟು ಮುಚ್ಚಿದ. ಆ ಕೆಲಸ ಅವನಷ್ಟು ಚೆಂದ ಮಾಡುವವರಿಲ್ಲ. ಉಳಿದದ್ದೆಲ್ಲ ಗಾಡಿಯ ಕೆಳಗೆ ಅಂಗಾತ ಮಲಗಿದ ಅರ್ಚನಾಳದು. ಟಾಕಿಯ ಬಾಜೂ ಫಿಲ್ಟರು, ಅದರ ಮುಂದೆ ಪಂಪ್, ನಡುವೆ ರಬ್ಬರ್ ನಳಿಗೆ, ಎರಡೂ ಕಡೆ ಕ್ಲಿಪ್ಪು, ಒಂದು ಫ್ಯೂಜು, ಪಂಪಿಗೆ ಕರೆಂಟು ಬಿಡುವ ಒಂದು ರಿಲೇ. ರಿಲೇಯ ಸಣ್ಣ ವೈರನ್ನು ಒಯ್ದು ಚಾವಿಗೆ ಜೋಡಿಸಿದಳು. ಚಾವಿ ತಿರುವಿದರೆ ಪಂಪ್ ಓಡಬೇಕು, ಚಾವಿ ತೆಗೆದರೆ ನಿಲ್ಲಬೇಕು. ಇಡೀ ಜೋಡಣೆಯಲ್ಲಿ ಅವಳು ಎರಡೆರಡು ಸಲ ಎಳೆದು ನೋಡಿದ್ದು ಅದೊಂದೇ ವೈರು.

ಶಿದ್ರಾಮ ಚಾವಿ ತಿರುವಿದ. ಕೆಳಗಿನಿಂದ ಟಿಕ್ ಟಿಕ್ ಟಿಕ್ ಎಂದು ಸದ್ದು ಬಂತು, ಮೊದಲು ಜೋರು, ಡೀಸೆಲ್ ತುಂಬಿದ ಹಾಗೆ ಮೆಲ್ಲಗೆ. ಸ್ಟಾರ್ಟರಿನ ಬಟನ್ ಒತ್ತಿದ. ಕೈಪಂಪ್ ಇಲ್ಲದೆ, ಇಳಿಜಾರಿಲ್ಲದೆ, ಸಪಾಟು ನೆಲದ ಮೇಲೆ ಗಾಡಿ ಎದ್ದು ಕೂತಿತು. ಶಿದ್ರಾಮ ಸ್ಟೇರಿಂಗಿಗೆ ಹಣೆ ಹಚ್ಚಿದ. ಆಮೇಲೆ ಇಳಿದು ಬಂದು ದಾದಾಸಾಹೇಬನನ್ನು ತಬ್ಬಿಕೊಂಡ.

‘ದೋಸ್ತ, ಉಳಿಸಿದಿ.’

‘ಏ, ನಂದೇನೈತೊ,’ ಎಂದ ದಾದಾಸಾಹೇಬ. ಅಂದದ್ದು ಒಂದೇ ಸಲ, ಅದೂ ಮೆಲ್ಲಗೆ.

ಗಾಡಿಯ ಕೆಳಗೆ ಮಲಗಿದ್ದವಳಿಗೆ ಅದು ಕೇಳಿಸಿತು. ಬೇಜಾರಾಯಿತೆ ಎಂದು ತನ್ನನ್ನು ತಾನು ಕೇಳಿಕೊಂಡಳು. ಸ್ವಲ್ಪ ಆಗಿತ್ತು. ಯಾರೂ ಏನೂ ಕೇಳಲಿಲ್ಲ ಎಂಬ ಸಮಾಧಾನ ಅದಕ್ಕಿಂತ ಸ್ವಲ್ಪ ಹೆಚ್ಚಿತ್ತು.

ಮಾಲಿಂಗನ ಕುರಿ ಹೇರಿದ ಬೆಳಗ್ಗೆ ಆ ಸಮಾಧಾನಕ್ಕೆ ಕಲ್ಲು ಬಿತ್ತು. ಹಿಂಡೆಲ್ಲ ಏರಿತ್ತು. ಕುರಿಗಳ ಮುಂದೆ, ತಟ್ಟಿಯ ಆಚೆ ಒಣ ಮೇವಿನ ಹೊರೆ ಇತ್ತು. ತನ್ನ ಕೆಲಸ ತಾನೇ ನೋಡಲೆಂದು ದಾದಾಸಾಹೇಬ ಹೊಸ ಟೊಪ್ಪಿಗೆ ಹಾಕಿಕೊಂಡು ಬಂದಿದ್ದ. ದಾರಿಯಲ್ಲಿ ಕೈ ಬೇಕಾದರೆ ಇರಲಿ ಎಂದು ಅಪ್ಪ ಅರ್ಚನಾಳನ್ನೂ ಕರೆದಿದ್ದ. ಶಿದ್ರಾಮ ಚಾವಿ ತಿರುವಿದ. ಟಿಕ್ ಟಿಕ್, ಆಮೇಲೆ ಏನೂ ಇಲ್ಲ. ಅಲುಗಾಡಿಸಿದ. ಟಿಕ್. ಮತ್ತೆ ಸುಮ್ಮನೆ. ಚಾವಿಯ ಒಳಗಿನ ಸವೆದ ತಾಮ್ರ ಕೈಕೊಡುತ್ತಿತ್ತು. ಉಪ್ಪುಕಾಗದದಿಂದ ಉಜ್ಜಿದರೆ ಆಗುವ ಕೆಲಸ. ಆದರೆ ಮಾಲಿಂಗ ಕಿಸೆಯಿಂದ ಫೋನ್ ತೆಗೆದು ಅಂಗೈಯಲ್ಲಿ ಹಿಡಿದು ನಿಂತಿದ್ದ.

ಶಿದ್ರಾಮ ಆ ಫೋನ್ ನೋಡಿದ. ಗಾಜಿನ ಮೇಲೆ ನೋಡಿದ. ಬೀರಪ್ಪನ ಮುಂದೆ ಕೆಂಪು ದೀಪ ಅಳುಕದೆ ಉರಿಯುತ್ತಿತ್ತು. ‘ಈ ಗಾಡ್ಯಾಗ ಎಂದೂ ಕೈಕೊಡದ ವೈರ್ ಅದೊಂದ,’ ಎನ್ನುತ್ತ ಚಾವಿಯ ಬುಡದಿಂದ ಸಣ್ಣ ವೈರು ಕಿತ್ತು, ಹಲ್ಲಿನಿಂದ ತೊಗಲು ಸುಲಿದು, ದೇವರ ದೀಪದ ವೈರಿಗೆ ಸುತ್ತಿದ. ಟಿಕ್ ಟಿಕ್ ಟಿಕ್. ಸದ್ದು ಗಟ್ಟಿಯಾಗಿ ನಿಂತಿತು. ‘ಬೀರಪ್ಪಾ, ಇನ್ನ ನಿನ್ನ ಕೈಯಾಗ,’ ಎಂದು ಸ್ಟಾರ್ಟರಿನ ಬಟನ್ ಒತ್ತಿದ.

ಅರ್ಚನಾ ಬಾಯಿ ತೆರೆದಳು. ಅವ್ವ ಬುತ್ತಿಯ ಗಂಟು ತರಲು ಒಳಗೆ ಹೋಗಿದ್ದಳು. ಅವ್ವ ಬಂದು ಗಂಟನ್ನು ಕಿಟಕಿಯಿಂದ ಮಗಳ ಮಡಿಲಿಗೆ ಹಾಕುವಷ್ಟರಲ್ಲಿ ಗಾಡಿ ಹೊರಟಿತ್ತು.

ಗೋಕಾಕ ದಾಟಿ ಫಾಲ್ಸಿನ ಏರು ಬಂತು. ಹೋದ ಸಲ ಗಾಡಿ ನಿಂತಿದ್ದ ಜಾಗ ಎದುರಾಯಿತು. ಶಿದ್ರಾಮ ಗೇರ್ ಇಳಿಸಿದ. ಎಂಜಿನ್ ಒಂದೇ ಹದದಲ್ಲಿ ಗುಡುಗುತ್ತ, ತಿರುವು ತಿರುವಿಗೂ ಭಾರ ಹೊತ್ತು, ಮೇಲೆ ಬಂದುಬಿಟ್ಟಿತು. ಮಾಲಿಂಗ ಹೋ ಎಂದು ಕೂಗಿ ದಾದಾಸಾಹೇಬನ ಬೆನ್ನಿಗೆ ಗುದ್ದಿದ. ಅರ್ಚನಾಳ ಎದೆ ತುಂಬಿತು. ತನ್ನ ಲೆಕ್ಕ ಏರು ಹತ್ತಿತ್ತು! ಅದರಲ್ಲಿ ಅವಳಿಗೆ ಎಂದೂ ಸಂಶಯ ಇರಲಿಲ್ಲ. ಸಂಶಯ ಇದ್ದದ್ದು ಗಾಡಿ ನಿಂತ ಮೇಲಿನದರ ಬಗ್ಗೆ.

ಯಮಕನಮರಡಿಯಲ್ಲಿ ಹೆದ್ದಾರಿಯ ಬಾಜೂ ಚಹಾಕ್ಕೆ ನಿಂತರು. ಶಿದ್ರಾಮ ಎಂಜಿನ್ ಬಂದ್ ಮಾಡಿ, ಚಾವಿ ಕಿಸೆಗೆ ಹಾಕಿಕೊಂಡ. ಟಿಕ್ ಟಿಕ್ ಟಿಕ್. ಸದ್ದು ನಿಲ್ಲಲಿಲ್ಲ.

‘ಕೇಳ್ರಿ, ಗಾಡಿ ಜೀವಾ ಹೆಂಗ ಬಡೀತೈತಿ,’ ಎಂದ ಮಾಲಿಂಗ, ಬಸಿಗೆ ಚಹಾ ಸುರಿಯುತ್ತ.

ಅರ್ಚನಾ ಬಗ್ಗಿ ಕೆಳಗೆ ನೋಡಿದಳು. ಪಂಪಿನ ಮುಂದಿನ ಕ್ಲಿಪ್ಪು ಏರಿನ ಕುಲುಕಾಟಕ್ಕೆ ಸಡಿಲಾಗಿ, ಟಿಕ್ ಎಂದಾಗೊಮ್ಮೆ ಒಂದು ಹನಿ ಹೊರಗೆ ಬರುತ್ತಿತ್ತು. ಬಿಸಿ ಸೈಲೆನ್ಸರಿನ ಪೈಪು ಅಲ್ಲಿಂದ ಗೇಣು ದೂರ. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಒಣ ಮೇವು, ಮೇವಿನ ಹಿಂದೆ ಕುರಿಗಳು. ಸೀಟಿನ ಕೆಳಗಿನಿಂದ ಸ್ಕ್ರೂಡ್ರೈವರ್ ತೆಗೆದು, ಕೆಳಗೆ ಸರಿದು ಕ್ಲಿಪ್ಪು ಬಿಗಿದಳು. ಹನಿ ನಿಂತಿತು. ಇದು ಅವಳ ಕೈಯ ಕೆಲಸ, ಕೈ ಮಾಡಿ ಮುಗಿಸಿತು. ಆದರೆ ಟಿಕ್ ಟಿಕ್ ನಡೆದೇ ಇತ್ತು. ನಾಳೆ ಇನ್ನೊಂದು ಏರಿಗೆ ಇನ್ನೊಂದು ಕ್ಲಿಪ್ಪು ಸಡಿಲಾದರೆ, ಗಾಡಿಯ ಹತ್ತಿರ ಯಾರೂ ಇಲ್ಲದಾಗ ಈ ಪಂಪ್ ಟಾಕಿ ಬರಿದಾಗುವ ತನಕ ತಳ್ಳುತ್ತಲೇ ಇರುತ್ತದೆ. ಏನೂ ಸಡಿಲಾಗದಿದ್ದರೂ ಹಳೇ ಬ್ಯಾಟರಿ ಮುಂಜಾನೆಗೆ ಬರಿದಾಗುತ್ತದೆ. ಆಮೇಲೆ ಮಾಲಿಂಗನ ಫೋನು, ಸಂತೆಯ ದಿನ, ಅಪ್ಪಣ್ಣ.

ಎದ್ದು ಕ್ಯಾಬಿನ್ನಿನೊಳಗೆ ಕೈ ಚಾಚಿದಳು. ದೀಪದ ಬಟನ್ನಿಗೆ ಬೆರಳು ಮುಟ್ಟಿತು. ಒತ್ತಿದರೆ ಪಂಪ್ ನಿಲ್ಲುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅಪ್ಪ ಹತ್ತಿದವನೇ ದೇವರು ಕತ್ತಲಲ್ಲಿ ಕೂತದ್ದನ್ನು ನೋಡಿ, ಕೈ ಮುಗಿದು, ಮತ್ತೆ ಹಚ್ಚುತ್ತಾನೆ. ಇವತ್ತು ಹಚ್ಚುತ್ತಾನೆ, ನಾಳೆ ಹಚ್ಚುತ್ತಾನೆ. ಸುಮ್ಮನೆ ಮಾಡಿ ಮುಗಿಸುವ ಕೆಲಸ ಇದಲ್ಲ. ಬೆರಳು ಹಿಂದೆ ತೆಗೆದಳು.

‘ದಾದಾ, ಹಿಡಕಲ್ದಾಗ ಗಾಡಿ ಬಿಟ್ಟು ನಾವು ಹಿಂಡಿನ ಕೂಡ ನಡ್ಕೊಂಡು ಹೋಗಬೇಕು,’ ಎಂದು ಶಿದ್ರಾಮ ಬೆಂಚಿನ ಮೇಲೆ ಹೇಳುತ್ತಿದ್ದ. ‘ಪಂಪ್ ಹಿಂಗ ಬಿಟ್ಟರ ನಡೀತೈತೇನು?’

ದಾದಾಸಾಹೇಬ ಟೊಪ್ಪಿಗೆ ಸರಿ ಮಾಡಿಕೊಂಡ. ಒಂದು ಕ್ಷಣ ಅರ್ಚನಾಳ ಕಡೆಗೆ ನೋಡಿದ. ‘ನಡೀತೈತಿ ಬಿಡೊ. ಬೀರಪ್ಪ ಅದಾನ, ಕಾಯ್ತಾನ.’

‘ಮೇಸ್ತ್ರಿ ಕೈ ಮುಟ್ಟಿದ್ದು ಅಂದ್ರ ಮುಟ್ಟಿದ್ದ,’ ಎಂದ ಮಾಲಿಂಗ.

ಅರ್ಚನಾ ಅಭ್ಯಾಸದಂತೆ ಬಾಜೂಕ್ಕೆ ತಿರುಗಿದಳು. ಪಿಸುಗುಟ್ಟಲು ಅಲ್ಲಿ ಅವ್ವನ ಕಿವಿ ಇರಲಿಲ್ಲ. ಹೆದ್ದಾರಿಯ ಗಾಡಿಗಳು ಬುರ್ರೆಂದು ಹೋಗುತ್ತಿದ್ದವು. ಮೆಲ್ಲಗೆ ಹೇಳಿದರೆ ಯಾರಿಗೂ ಕೇಳುವಂತಿರಲಿಲ್ಲ. ಸ್ಕ್ರೂಡ್ರೈವರನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬೆಂಚಿನ ಮುಂದೆ ಬಂದು ನಿಂತಳು. ಮೂವರೂ ಬಸಿಯಿಂದ ತಲೆ ಎತ್ತಿದರು.

‘ಅಪ್ಪಾ, ಗಾಡಿ ನಿಂತಾಗ ಆ ಪಂಪೂ ನಿಲ್ಲಬೇಕು,’ ಎಂದಳು. ದನಿ ಅವಳು ಅಂದುಕೊಂಡಿದ್ದಕ್ಕಿಂತ ದೊಡ್ಡದಿತ್ತು. ‘ದೇವರ ದೀಪ ಉರೀಲಿ, ಪಂಪಿನ ವೈರ್ ಮಾತ್ರ ಅಲ್ಲಿಂದ ಬಿಚ್ಚಿ, ಚಾವಿ ಒಳಗಿನ ತಾಮ್ರಾ ಉಜ್ಜಿ, ಚಾವಿಗೆ ಕಟ್ಟತೇನಿ. ಆ ಪಂಪ್ ಹಾಕಿದಾಕಿ ನಾನು.’